ಮೋತಿಗುಂಡದ ನೆಲ

ಮೋತಿಗುಂಡ ಎಂಬ ಊರು ಯಾವ ಜಿಲ್ಲೆಯಲ್ಲೂ ಇಲ್ಲ. ಹೈದರಾಬಾದಿನಲ್ಲಿ ಕಂಪ್ಯೂಟರ್ ಆಟ ತಯಾರಿಸುವ ಸಣ್ಣ ಕಂಪನಿಯೊಂದಕ್ಕೆ, ಆರುನೂರು ವರ್ಷಗಳ ಹಿಂದೆ ದಖ್ಖನಿನಲ್ಲಿ ಇದ್ದಿರಬಹುದಾದಂಥ ಒಂದು ಊರು ಬೇಕಾಗಿತ್ತು. ಆಟ ಆಡುವವರು ಯಾವ ಓಣಿಗೆ ಹೊಕ್ಕರೂ ಊರು ನಿಜ ಅನ್ನಿಸಬೇಕು ಎಂಬುದು ಅವರ ಷರತ್ತು. ನಕ್ಷೆ ಬರೆಯುವ ಕೆಲಸ ಶಹಾಬಾದಿನ ಮಹೆವಿಶಳಿಗೆ ಬಂತು.

ಮಹೆವಿಶಳಿಗೆ ಮೂವತ್ತೆಂಟು ವರ್ಷ. ಸಿವಿಲ್ ಡಿಪ್ಲೊಮಾ ಓದಿದವಳು. ವಾಡಿ, ಚಿತ್ತಾಪುರ, ಸೇಡಂ ರಸ್ತೆಗಳ ಬದಿಯ ಹೊಲಗಳನ್ನು ನಿವೇಶನಗಳಾಗಿ ಒಡೆಯುವ ಲೇಔಟ್ ನಕ್ಷೆಗಳನ್ನು ಬರೆದು ಬದುಕಿದವಳು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬಳೇ. ಹಾಗಾಗಿ ನಕ್ಷೆ ಬರೆಯುವ ಮೇಜು ಪಡಸಾಲೆಯ ನಡುವೆ ಇದ್ದರೂ ಯಾರಿಗೂ ಅಡ್ಡಿಯಾಗುತ್ತಿರಲಿಲ್ಲ.

ಅವಳು ಕಳಿಸಿದ ಮೊದಲ ನಕ್ಷೆ ತಿರಸ್ಕೃತವಾಯಿತು. ಕಂಪನಿಯಲ್ಲಿ ಈ ಊರಿನ ಉಸ್ತುವಾರಿ ಮಹೇಶಕುಮಾರ ಎಂಬಾತನದು. ಚಿಂಚೋಳಿ ತಾಲೂಕಿನ ಕುಂಚಾವರಂನವನು. ಮೊದಲ ಫೋನಿನಲ್ಲಿ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದ್ದರು. ಎರಡನೆಯ ಸಲ ಅವನು ಅದನ್ನು ಬಿಟ್ಟ.

"ಮೇಡಂ, ಮೂಲ್ಯಾಗ ಪಾರ್ಕಿಗಿ ಜಾಗ ಬಿಟ್ಟೀರಿ. ಸುಲ್ತಾನರ ಕಾಲದಾಗ ಸಂಜಿಗಿ ವಾಕಿಂಗ್ ಯಾರ್ ಹೋಗ್ತಿದ್ರು?"

ಅವಳು ನಕ್ಷೆಯನ್ನು ತೆರೆದು ನೋಡಿದಳು. ಪಾರ್ಕ್ ಇತ್ತು. ರಸ್ತೆಗಳೆಲ್ಲ ನೇರವಾಗಿದ್ದವು. ಮನೆಗಳು ಒಂದೇ ಅಳತೆಯವು, ಮೂಲೆಯ ಮನೆಗಳಿಗೆ ಮಾತ್ರ ಎರಡೆರಡು ಬಾಗಿಲು. ಕೋಟೆಯ ಪಕ್ಕದಲ್ಲಿ ಸಮುದಾಯ ಭವನಕ್ಕೂ ಜಾಗ ಬಿಟ್ಟಾಗಿತ್ತು. ಮಂಜೂರಾತಿಗೆ ಹೋಗುವ ನಕ್ಷೆಯಲ್ಲಿ ಏನೇನು ಇರಬೇಕೋ ಅದೆಲ್ಲವನ್ನೂ ಕೈ ತಾನಾಗಿಯೇ ಬರೆದುಬಿಟ್ಟಿತ್ತು. ಅವಳು ನಗಲಿಲ್ಲ. ಹೊಸದಾಗಿ ಮಾಡಿ ಕೊಡುತ್ತೇನೆ ಎಂದಳು.

ಎರಡನೆಯ ಸಲ ನೀರಿನಿಂದ ಶುರುಮಾಡಿದಳು. ಹಳ್ಳ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನಿರ್ಧರಿಸಿದಳು. ಕುಡಿಯುವ ಬಾವಿ ಮೇಲೆ, ಬಣ್ಣಗಾರರ ತೊಟ್ಟಿ ಕೆಳಗೆ, ತೊಗಲು ಹದಮಾಡುವವರು ಅದಕ್ಕೂ ಕೆಳಗೆ. ಮಳೆಗಾಲದ ಗಾಳಿ ಪಡುವಣದಿಂದ ಬೀಸುವುದರಿಂದ ಸುಣ್ಣದ ಭಟ್ಟಿ ಮೂಡಣಕ್ಕೆ ಹೋಯಿತು. ಕತ್ತಲಾದರೆ ಊರಿನ ಅಗಸಿ ಬಾಗಿಲು ಮುಚ್ಚುತ್ತದೆ. ತಡವಾಗಿ ಬಂದ ವ್ಯಾಪಾರಿಗಳು ಎಲ್ಲಾದರೂ ಮಲಗಬೇಕು, ಆದ್ದರಿಂದ ಛತ್ರದಂಥ ಸರಾಯಿ ಊರಗೋಡೆಯ ಹೊರಗೆ ಬಂತು. ಅಗಸಿಯಿಂದ ಪ್ಯಾಟಿಗೆ ಹೋಗುವ ದಾರಿ ಎರಡು ಹೇರೆತ್ತುಗಳು ಎದುರುಬದುರು ದಾಟುವಷ್ಟು ಅಗಲ. ಉಳಿದ ಓಣಿಗಳು ಒಂದು ಎತ್ತಿಗೆ ಸಾಕು. ಓಣಿಯನ್ನು ಚೆಂದಕ್ಕೆಂದು ಎಲ್ಲೂ ಬಾಗಿಸಲಿಲ್ಲ. ಯಾರೋ ಮೊದಲು ಮನೆ ಕಟ್ಟಿದ್ದರು, ಅಡ್ಡ ಬಂತು, ದಾರಿ ಸುತ್ತಿಕೊಂಡು ಹೋಯಿತು. ಆ ಮೊದಲ ಮನೆ ಯಾರದು ಎಂದು ಗೊತ್ತಿಲ್ಲದೆ ಅವಳಿಗೆ ಓಣಿಯನ್ನು ಬಾಗಿಸಲು ಆಗುತ್ತಿರಲಿಲ್ಲ.

ಹೀಗೆ ಮನೆಗಳಿಗೆ ಜನ ಬೇಕಾದರು. ತಾನು ಕಂಡವರನ್ನೇ ಕರೆತಂದಳು. ಅವಳ ಓಣಿಯಲ್ಲಿ ಹನ್ನೊಂದು ಮನೆಗಳಿದ್ದವು. ಓಣಿಯ ಹಿಂದಿನ ಖಣಿಯಲ್ಲಿ ಕಲ್ಲು ತೆಗೆಯುವವರು, ತೆಗೆದ ಕಲ್ಲು ಕೊರೆಯುವವರು, ಅವರಿಗೆ ಚಹಾ ಮಾರುವವರು, ಅವರ ಬಟ್ಟೆ ಹೊಲಿಯುವವರು ಅಲ್ಲಿದ್ದರು. ಮೋತಿಗುಂಡದಲ್ಲಿ ಚಹಾದಂಗಡಿಯವನು ಗಾಣಿಗನಾದ, ದರ್ಜಿ ದರ್ಜಿಯಾಗಿಯೇ ಉಳಿದ. ಪಕ್ಕದ ಮನೆಯ ಲಲಿತಾಬಾಯಿ ರೊಟ್ಟಿ ಬಡಿದು ವಾಡಿಯ ಖಾನಾವಳಿಗಳಿಗೆ ಕಳಿಸುವವಳು. ಅವಳನ್ನು ಮೇಲಿನ ಬಾವಿಯ ಹತ್ತಿರ, ಸರಾಯಿಗೆ ರೊಟ್ಟಿ ಮಾಡಿ ಕೊಡುವ ಮನೆಯಲ್ಲಿ ಇಟ್ಟಳು.

ಮಹೇಶಕುಮಾರ ಈ ಸಲ ನಕ್ಷೆಯ ಓಣಿಗಳನ್ನು ಒಂದೊಂದಾಗಿ ನೋಡಿದ. ಆಮೇಲೆ, ಇಲ್ಲಿ ತನಗೇ ಒಂದು ಮನೆ ಸಿಕ್ಕರೆ ಬಂದು ಇರುತ್ತೇನೆ ಎಂದ.

ಒಂದು ತಿಂಗಳಾದ ಮೇಲೆ ಕಥೆ ಬದಲಾಯಿತು. ಆಟದ ನಾಯಕ ಬರುವ ಹೊತ್ತಿಗೆ ಊರು ಖಾಲಿಯಾಗಿರಬೇಕು ಎಂದು ಕಂಪನಿ ತೀರ್ಮಾನಿಸಿತು. ಯುದ್ಧವಿಲ್ಲ, ಬೆಂಕಿಯಿಲ್ಲ, ಹಳ್ಳ ದಿಕ್ಕು ಬದಲಿಸಿತು, ಜನ ಒಬ್ಬೊಬ್ಬರಾಗಿ ಹೋದರು, ಹೋಗಿ ನಲವತ್ತು ವರ್ಷವಾಯಿತು. ಅಂಥ ಊರು ಹೇಗಿರುತ್ತದೆ ಎಂದು ಬರೆದುಕೊಡಬೇಕು.

ಇದಕ್ಕೆ ಅವಳು ಯಾವ ಪುಸ್ತಕವನ್ನೂ ನೋಡಬೇಕಾಗಿರಲಿಲ್ಲ. ಹಿಂದಿನ ಖಣಿಯಲ್ಲಿ ಕಲ್ಲು ಮುಗಿದು, ನೀರು ತುಂಬಿ, ಹನ್ನೊಂದು ಮನೆಗಳಲ್ಲಿ ಒಂಬತ್ತು ಅವಳ ಕಣ್ಣೆದುರಿಗೇ ಖಾಲಿಯಾಗಿದ್ದವು. ಮೊದಲು ಹೋಗುವವರು ಕಲ್ಲು ಕೊರೆಯುವವರು. ಅವರ ಹಿಂದೆ ಚಹಾದವನು. ಗೋಡೆ ಬಹಳ ವರ್ಷ ನಿಲ್ಲುತ್ತದೆ. ಬಾಗಿಲು, ತೊಲೆ ನಿಲ್ಲುವುದಿಲ್ಲ. ನೆಲ ಮೊದಲ ದಿನವೇ ಹೋಗುತ್ತದೆ.

ಈ ಕೊನೆಯ ಮಾತು ಹೈದರಾಬಾದಿನವರಿಗೆ ತಿಳಿಯಲಿಲ್ಲ. ನೆಲ ಹೋಗುವುದೆಂದರೇನು, ಕಳ್ಳರು ಒಯ್ಯುತ್ತಾರೆಯೇ ಎಂದು ಕೇಳಿದರು. ಅವಳು ವಿವರಿಸಿದಳು. ಶಹಾಬಾದಿನ ಹಾಸುಗಲ್ಲಿಗೆ ಪರ್ಸಿ ಎನ್ನುತ್ತಾರೆ. ಅವಳ ಓಣಿಯವರು ತಾವೇ ತೆಗೆದ, ತಾವೇ ಕೊರೆದ ಕಲ್ಲನ್ನು ತಮ್ಮ ಮನೆಗೆ ಹಾಸಿಕೊಂಡವರು. ಊರು ಬಿಡುವಾಗ ಅದನ್ನು ಎಬ್ಬಿಸಿ, ಸುಣ್ಣದ ಕಡ್ಡಿಯಿಂದ ನಂಬರು ಬರೆದು, ಟೆಂಪೊದಲ್ಲಿ ನಿಲ್ಲಿಸಿ ಒಯ್ಯುತ್ತಿದ್ದರು. ಹೊಸ ಮನೆಯಲ್ಲಿ ಅದೇ ಕಲ್ಲು ಅದೇ ಜಾಗದಲ್ಲಿ ಕೂರುತ್ತಿತ್ತು. ದರ್ಜಿ ಮಾತ್ರ ಒಮ್ಮೆ ನೆಲ ಬಿಟ್ಟು ಹೋಗಿದ್ದ. ಎಲ್ಲಿಗೆ ಹೋದರೂ ತಿಂಗಳೊಳಗೆ ಬರುತ್ತಾನೆ ಎಂದು ಓಣಿಯವರು ಹೇಳಿದರು, ಬಂದ. ಎರಡನೆಯ ಸಲ ನೆಲ ಎಬ್ಬಿಸಿಕೊಂಡು ಹೋದ, ಬರಲಿಲ್ಲ. ಮನೆಗೆ ಬೀಗ ಹಾಕಿದ್ದನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕಿಟಕಿಯಲ್ಲಿ ಇಣುಕಿ ನೆಲ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದರು.

ಕಂಪನಿಯವರಿಗೆ ಇದು ಬಹಳ ಹಿಡಿಸಿತು. ಅದನ್ನೇ ಆಟದ ನಿಯಮ ಮಾಡಿದರು. ಮೋತಿಗುಂಡದ ನೂರಾರು ಮನೆಗಳಲ್ಲಿ ಒಂದಕ್ಕೆ ಮಾತ್ರ ನೆಲ ಇರುತ್ತದೆ, ಆಡುವವನು ಅದನ್ನು ಹುಡುಕಬೇಕು. ಆ ಮನೆ ಯಾವುದು ಎಂದು ಮಹೆವಿಶಳೇ ಹೇಳಬೇಕು. ಅವಳು ಸ್ವಲ್ಪ ದಿನ ಕೊಡಿ ಎಂದಳು.

ಆ ದಿನಗಳಲ್ಲೇ ಲಲಿತಾಬಾಯಿ ಬಂದು ಮೇಜಿನ ಪಕ್ಕ ನೆಲದ ಮೇಲೆ ಕುಳಿತಳು. ಕುರ್ಚಿಯ ಮೇಲೆ ಅವಳು ಯಾವಾಗಲೂ ಕೂರುತ್ತಿರಲಿಲ್ಲ. ಸೊಸೆ ಶಿವರಂಜನಿ ಸೇಡಂನಲ್ಲಿ ನರ್ಸ್. ದಿನಾ ರೈಲಿನಲ್ಲಿ ಹೋಗಿ ಬಂದು ಸೊರಗಿದ್ದಳು. ಮಗ ಸಂತೋಷಕುಮಾರ ಅಲ್ಲೇ ಮನೆ ಕಟ್ಟಿಸುತ್ತಿದ್ದದ್ದು ಮಹೆವಿಶಳಿಗೆ ಗೊತ್ತಿತ್ತು. ಮಗ, ಸೊಸೆ ಹೋಗುತ್ತಾರೆ, ಲಲಿತಾಬಾಯಿ ಇಲ್ಲೇ ಇರುತ್ತಾಳೆ ಎಂದು ಅವಳು ತಿಳಿದುಕೊಂಡಿದ್ದಳು. ಹಾಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ದೀಪಾವಳಿ ಆದಮ್ಯಾಲ ಹೋಗ್ಲಿಕತ್ತೀವಿ, ತಂಗಿ."

"ಎಲ್ಲಾರೂ?"

"ಮತ್ತ? ನಾ ಒಬ್ಬಾಕಿ ಇಲ್ಲಿದ್ದು ಯಾರಿಗಿ ರೊಟ್ಟಿ ಬಡೀಲಿ?"

"ನನಗ ಬಡೀರಿ, ವೈನಿ."

"ನೀ ತಿನ್ನಾದು ಒಂದು ರೊಟ್ಟಿ. ಅದರಾಗ ಅರ್ಧ ಬಿಡ್ತಿ. ಅದಕ್ಕ ಒಲಿ ಹಚ್ಚಲೇನು?"

ಇಬ್ಬರೂ ನಕ್ಕರು. ಆಮೇಲೆ ಲಲಿತಾಬಾಯಿ ಬಂದ ಕೆಲಸ ಹೇಳಿದಳು. ಪರ್ಸಿ ಎಬ್ಬಿಸಿ ಒಯ್ಯಬೇಕು, ಕಲ್ಲುಗಳಿಗೆ ನಂಬರು ಹಾಕಿ ನಕ್ಷೆ ಬರೆದುಕೊಡಬೇಕು. ಹಿಂದೆ ಓಣಿಯ ಮೂರು ಮನೆಗಳಿಗೆ ಮಹೆವಿಶಳೇ ಅದನ್ನು ಮಾಡಿಕೊಟ್ಟಿದ್ದಳು. ಆಗಲಿ ಎಂದಳು.

ಮರುದಿನ ಟೇಪು ಹಿಡಿದು ಹೋದಳು. ಅಡುಗೆಮನೆಯಲ್ಲಿ ಲಲಿತಾಬಾಯಿ ಕುಳಿತು ರೊಟ್ಟಿ ಬಡಿಯುವ ಕಡೆ ಕಲ್ಲು ಕೈ ಜಾರುವಷ್ಟು ನುಣುಪಾಗಿತ್ತು. ಅಳತೆ ತೆಗೆದು, ಸೇಡಂನ ಹೊಸ ಮನೆಯ ನಕ್ಷೆ ಕೇಳಿ ಇಸಿದುಕೊಂಡಳು. ಅಲ್ಲಿನ ಅಡುಗೆಮನೆ ಉದ್ದಕ್ಕೂ ಅಗಲಕ್ಕೂ ಒಂದೊಂದು ಅಡಿ ಕಡಿಮೆ. ಪಡಸಾಲೆಯ ಆಕಾರವೇ ಬೇರೆ. ಕಲ್ಲುಗಳನ್ನು ಕೊರೆಯದೆ ಕೂರಿಸಲು ಬರುವುದಿಲ್ಲ, ಕೊರೆದರೆ ನಂಬರಿಗೆ ಅರ್ಥವಿಲ್ಲ. ಸುಮ್ಮನಿದ್ದು ನಂಬರು ಹಾಕಿಕೊಡಬಹುದಿತ್ತು. ಆದರೆ ಅಳತೆಯ ವಿಷಯದಲ್ಲಿ ಸುಮ್ಮನಿರುವುದು ಅವಳಿಗೆ ಬಾರದು. ಅಂದೇ ಸಂಜೆ ತಾಯಿ ಮಗ ಇಬ್ಬರೂ ಇದ್ದಾಗ ಹೇಳಿದಳು.

"ಛಲೋ ಆತು ಬಿಡ್ರಿ," ಎಂದ ಸಂತೋಷಕುಮಾರ. "ಟೈಲ್ಸ್ ತಂದು ಇಟ್ಟಾಗ್ಯದ. ಅವ್ವಗ ಹೆಂಗ ಹೇಳ್ಲಿ ಅಂತ ಕುಂತಿದ್ದೆ."

ಲಲಿತಾಬಾಯಿ ಕೈಯಲ್ಲಿದ್ದ ಹಿಟ್ಟು ಉದುರಿಸಿದಳು. ಮಗನ ಮುಖ ನೋಡಲಿಲ್ಲ. "ಹಂಗಾದ್ರ ಇರ್ಲಿ," ಎಂದಳು. "ಪರ್ಸಿ ಇಲ್ಲೇ ಇರ್ಲಿ."

ಮಹೆವಿಶ ಟೇಪು ಸುತ್ತಿಕೊಂಡು ಮನೆಗೆ ಬಂದಳು. ಓಣಿಯ ಲೆಕ್ಕದ ಪ್ರಕಾರ ನೆಲ ಬಿಟ್ಟು ಹೋಗುವವರು ಮರಳಿ ಬರುವವರು. ಮಗನ ಎದುರಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಲಲಿತಾಬಾಯಿ ಹೀಗೆ ಹೇಳಿದಳು ಎಂದು ಅವಳಿಗೆ ಅನ್ನಿಸಿತು. ಒಂದು ವರ್ಷ ಸೇಡಂನಲ್ಲಿದ್ದು, ಬೇಸರವಾಗಿ, ಬಂದುಬಿಡುತ್ತಾಳೆ. ಅದೇ ವಾರ ಮಹೇಶಕುಮಾರನಿಗೆ ಉತ್ತರ ಕಳಿಸಿದಳು: ನೆಲ ಇರುವುದು ಮೇಲಿನ ಬಾವಿಯ ಹತ್ತಿರದ ರೊಟ್ಟಿಯವಳ ಮನೆಗೆ. ಯಾಕೆ ಆ ಮನೆಯೇ ಎಂದು ಅವನು ಕೇಳಿದಾಗ, ಅವರು ತಿರುಗಿ ಬರುವವರು, ಅದಕ್ಕೆ ಎಂದಳು.

ದೀಪಾವಳಿಯ ನಂತರ ಒಂದು ಬೆಳಿಗ್ಗೆ ಪಕ್ಕದ ಮನೆ ಖಾಲಿಯಾಯಿತು. ಲಲಿತಾಬಾಯಿ ಕೀಲಿಕೈ ಮಹೆವಿಶಳ ಕೈಯಲ್ಲಿಟ್ಟು, ವಾರಕ್ಕೊಮ್ಮೆ ಬಾಗಿಲು ತೆಗೆದು ಗಾಳಿ ಆಡಿಸು ಎಂದಳು. ಮಹೆವಿಶ ಗಾಳಿ ಆಡಿಸುವುದಷ್ಟೇ ಅಲ್ಲ, ಕಸ ಗುಡಿಸಿ ನೆಲ ಒರೆಸುತ್ತಿದ್ದಳು. ಬರುವವರಿಗೆ ಧೂಳಿನ ಮನೆ ಕೊಡಬಾರದು.

ಓಣಿಯಲ್ಲಿ ಸದ್ದು ಕಡಿಮೆಯಾಯಿತು ಎನ್ನುವುದು ಪೂರ್ತಿ ಸರಿಯಲ್ಲ. ರೈಲಿನ ಸದ್ದು, ಖಣಿಯ ನೀರಿಗೆ ಬರುವ ಹಕ್ಕಿಗಳ ಸದ್ದು ಮೊದಲಿನಷ್ಟೇ ಇದ್ದವು. ರೊಟ್ಟಿ ಬಡಿಯುವ ಸದ್ದು ಇರಲಿಲ್ಲ. ಮೊದಲು ಆ ಸದ್ದಿಗೆ ಎದ್ದು ಕೆಲಸಕ್ಕೆ ಕೂರುತ್ತಿದ್ದವಳು ಈಗ ಯಾವಾಗಲೋ ಏಳತೊಡಗಿದಳು. ಒಮ್ಮೊಮ್ಮೆ ಮಧ್ಯಾಹ್ನ ಮಹೇಶಕುಮಾರನ ಫೋನು ಬಂದಾಗ, ಆ ದಿನ ತಾನು ಆಡುತ್ತಿರುವ ಮೊದಲ ಮಾತು ಇದು ಎಂದು ಗಂಟಲಿನಿಂದ ಗೊತ್ತಾಗುತ್ತಿತ್ತು.

ಅಣ್ಣ ಅಬ್ದುಲ್ ಗನಿ ಕಲಬುರಗಿಯಲ್ಲಿದ್ದ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಫೋನು ಮಾಡುತ್ತಿದ್ದ. ಮೇಲಿನ ಕೋಣೆ ಖಾಲಿ ಇದೆ, ನಕ್ಷೆಯನ್ನು ಎಲ್ಲಿ ಕೂತರೂ ಬರೆಯಬಹುದು, ಆ ಹಾಳು ಓಣಿಯಲ್ಲಿ ಯಾರನ್ನು ಕಾಯುತ್ತಿದ್ದೀ ಎನ್ನುತ್ತಿದ್ದ. ಲಲಿತಾಬಾಯಿ ಬರುವವರಿದ್ದಾರೆ ಎಂದು ಅವಳು ಹೇಳಿದಳು. ಅವರೇ ಹೇಳಿದರೇ ಎಂದು ಅವನು ಕೇಳಿದ. ನೆಲ ಬಿಟ್ಟು ಹೋಗಿದ್ದಾರೆ ಎಂದಳು. ಅದೇ ಓಣಿಯಲ್ಲಿ ಬೆಳೆದವನಾದ್ದರಿಂದ ಅವನು ಮುಂದೆ ವಾದಿಸಲಿಲ್ಲ.

ಸಂಕ್ರಾಂತಿಗೆ ಮಹೆವಿಶ ವಾಡಿಯಲ್ಲಿ ರೈಲು ಬದಲಿಸಿ ಸೇಡಂಗೆ ಹೋದಳು. ಲಲಿತಾಬಾಯಿ ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದುಕೊಂಡಳು. ಮನೆ ಬೆಳ್ಳಗಿತ್ತು. ಟೈಲ್ಸ್ ಜಾರುತ್ತದೆಂದು ಲಲಿತಾಬಾಯಿ ಗೋಡೆ ಹಿಡಿದು ನಡೆಯುತ್ತಿದ್ದಳು. ಅಡುಗೆಯೆಲ್ಲ ನಿಂತುಕೊಂಡೇ. ಖಾನಾವಳಿಯ ರೊಟ್ಟಿ ಬಿಟ್ಟು ಆಗಿತ್ತು. ಮಹೆವಿಶ ಇದನ್ನೆಲ್ಲ ಗಮನಿಸಿದಳು, ಮನಸ್ಸಿನಲ್ಲೇ ಒಂದೊಂದಾಗಿ ತನ್ನ ಕಡೆಯ ಲೆಕ್ಕಕ್ಕೆ ಸೇರಿಸಿಕೊಂಡಳು. ಹೊರಡುವಾಗ, ಓಣಿಗೆ ಯಾವಾಗ ಬರುತ್ತೀರಿ ಎಂದು ಕೇಳಿದಳು. ಯುಗಾದಿಗೆ ಬರ್ತೀನಿ ಎಂದಳು ಲಲಿತಾಬಾಯಿ.

ಯುಗಾದಿಗೆ ಬರಲಿಲ್ಲ. ಸೊಸೆಗೆ ರಜೆ ಸಿಗಲಿಲ್ಲವಂತೆ.

ಏಪ್ರಿಲಿನ ಕೊನೆಯಲ್ಲಿ ಓಣಿಗೆ ಟೆಂಪೊ ಬಂತು. ಅದರಿಂದ ಇಳಿದವನು ಧರ್ಮಣ್ಣ, ಚಿತ್ತಾಪುರದ ಕಡೆಯವನು, ಹಳೆಯ ಪರ್ಸಿ ಕೊಳ್ಳುವವನು. ಬಳಸಿ ನುಣುಪಾದ ಕಲ್ಲಿಗೆ ಊರ ಹೊರಗಿನ ತೋಟದ ಮನೆಗಳವರು ಗಿರಾಕಿಗಳು. ಅವನ ಜೊತೆ ಹಾರೆ ಹಿಡಿದ ಮೂವರು ಆಳುಗಳಿದ್ದರು. ಪಕ್ಕದ ಮನೆಯ ನೆಲ ಎಬ್ಬಿಸಬೇಕು, ಕೀಲಿಕೈ ನಿಮ್ಮ ಹತ್ತಿರ ಇದೆಯಂತೆ, ಸಂತೋಷಕುಮಾರ ಹೇಳಿದ್ದಾರೆ ಎಂದ.

ಮಹೆವಿಶ ಅವರನ್ನು ನೆರಳಿಗೆ ಕೂರಲು ಹೇಳಿ ಒಳಗೆ ಹೋಗಿ ಸೇಡಂಗೆ ಫೋನು ಮಾಡಿದಳು.

"ವೈನಿ, ಇಲ್ಲಿ ಟೆಂಪೊ ಬಂದದ."

ಆ ಕಡೆ ಟಿವಿಯ ಸದ್ದು ಸಣ್ಣದಾಯಿತು. "ಬಂತೇನು? ನಾನೇ ನಿನಗ ಹೇಳಬೇಕಿತ್ತು, ತಂಗಿ. ನಾಕ್ ದಿನದಿಂದ ಫೋನ್ ಕೈಯಾಗ ಹಿಡಿಯೋದು, ಇಡೋದು. ಬಾಯಿ ಬರಲಿಲ್ಲ."

"ನೆಲ ಬಿಟ್ಟು ಹೋಗಿದ್ರಿ."

"ಟೈಲ್ಸ್ ಬಂದಿತ್ತಲ್ಲ. ಅದಕ್ಕ ಬಿಟ್ಟೆ."

"ಅಷ್ಟೇನ್ರಿ?"

"ಅಷ್ಟೇ. ನೀ ಏನ್ ತಿಳ್ಕೊಂಡಿದ್ದಿ?"

ಮಹೆವಿಶ ಗೂಟದಲ್ಲಿದ್ದ ಕೀಲಿಕೈ ತೆಗೆದುಕೊಂಡಳು. ಲಲಿತಾಬಾಯಿಗೆ ನಿಧಾನವಾಗಿ ಅರ್ಥವಾಗಿರಬೇಕು. ಹಾಗಲ್ಲ, ತಾನು ಅಷ್ಟು ಯೋಚನೆ ಮಾಡಿರಲಿಲ್ಲ, ಅಲ್ಲಿದ್ದಾಗ ಅದೆಲ್ಲ ಮಾಡುತ್ತಿದ್ದೆವು, ಇಲ್ಲಿಗೆ ಬಂದ ಮೇಲೆ ಅದು ನೆನಪಿಗೂ ಬರಲಿಲ್ಲ ಎಂದು ಒಂದರ ಹಿಂದೆ ಒಂದು ಹೇಳಿದಳು. ನೀನೇ ಇಲ್ಲಿಗೆ ಬಂದು ಎಂಟು ದಿನ ಇದ್ದು ಹೋಗು ಎಂದಳು. ಮಹೆವಿಶ ಬರುತ್ತೇನೆ ಎಂದಳು. ಆಮೇಲೆ ಹೊರಗೆ ಬಂದು ಧರ್ಮಣ್ಣನಿಗೆ ಕೀಲಿಕೈ ಕೊಟ್ಟಳು.

ಕೆಲಸ ಮಧ್ಯಾಹ್ನದ ತನಕ ನಡೆಯಿತು. ಹಾರೆ ಕಲ್ಲಿನ ಸಂದಿಗೆ ಇಳಿಯುವ ಸದ್ದು, ಕಲ್ಲು ಮಣ್ಣಿನಿಂದ ಬಿಡುವ ಸದ್ದು ಅವಳ ಮೇಜಿನವರೆಗೂ ಕೇಳುತ್ತಿತ್ತು. ಯಾರೂ ನಂಬರು ಹಾಕಲಿಲ್ಲ. ಅಡುಗೆಮನೆಯದು, ಪಡಸಾಲೆಯದು ಎಲ್ಲ ಕಲೆಸಿ ಒಟ್ಟಿದರು. ಅವಳು ಆಳುಗಳಿಗೆ ನೀರು, ಚಹಾ ಕೊಟ್ಟಳು. ಲೋಟ ವಾಪಸು ಕೊಡಲು ಬಂದ ಧರ್ಮಣ್ಣ ಅವಳ ಪಡಸಾಲೆಯ ನೆಲವನ್ನೂ ಒಮ್ಮೆ ನೋಡಿದ.

"ನಿಮ್ಮದೂ ಛಲೋ ಕಲ್ಲವ, ಅಕ್ಕೋರೆ. ಎಬ್ಬಿಸೋದಿದ್ರ ಹೇಳ್ರಿ."

"ಇಲ್ರಿ. ನಾ ಇರ್ತೀನಿ."

"ಯಾರ್ ಯಾರ್ ಇರ್ತೀರಿ ಇಲ್ಲಿ?"

"ನಾ ಒಬ್ಬಾಕೀನೇ."

ಅವನು ಓಣಿಯ ಆ ತುದಿಯವರೆಗೆ ಕಣ್ಣಾಡಿಸಿ, ಲೋಟ ಕಟ್ಟೆಯ ಮೇಲಿಟ್ಟು ಹೋದ.

ಟೆಂಪೊ ಹೋದ ಮೇಲೆ ಅವಳು ಪಕ್ಕದ ಮನೆಯೊಳಗೆ ಹೋಗಿ ನೋಡಿದಳು. ಮೋತಿಗುಂಡದ ನೂರಾರು ಮನೆಗಳಲ್ಲಿ ನೆಲ ಎದ್ದ ಜಾಗವನ್ನು ಅವಳು ಸಪಾಟು ಮಣ್ಣಾಗಿ ತೋರಿಸಿದ್ದಳು. ಅದು ತಪ್ಪಾಗಿತ್ತು. ಕಲ್ಲು ಹೋದರೂ ಸಂದಿಗಳಲ್ಲಿ ತುಂಬಿದ್ದ ಸುಣ್ಣದ ಗಾರೆ ಮಣ್ಣಿನ ಮೇಲೆ ಗೆರೆಗಳಾಗಿ ನಿಂತಿತ್ತು. ಯಾವ ಕಲ್ಲು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂದು ಆ ಗೆರೆಗಳನ್ನು ನೋಡಿ ಹೇಳಬಹುದಿತ್ತು. ಹಿಂದೆ ಮೂರು ಮನೆಗಳ ನೆಲಕ್ಕೆ ನಂಬರು ಹಾಕಿದ್ದವಳು, ಎಬ್ಬಿಸಿದ ಮೇಲೆ ಒಂದರೊಳಗೂ ಹೋಗಿ ನೋಡಿರಲಿಲ್ಲ. ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಬಾಗಿಲು ಮುಂದೆ ಮಾಡಿ ಬಂದಳು. ಬೀಗ ಹಾಕುವ ಕಾರಣ ಉಳಿದಿರಲಿಲ್ಲ.

ಮರುದಿನ ಮಹೇಶಕುಮಾರನಿಗೆ ಎರಡು ತಿದ್ದುಪಡಿಗಳನ್ನು ಹೇಳಿದಳು. ಮೊದಲನೆಯದು ಗಾರೆಯ ಗೆರೆಗಳದು. ಅವನು ಚಿತ್ರಗಳನ್ನು ನೋಡಿ, ಇದನ್ನು ಕೂಡಲೇ ಹಾಕಿಸುತ್ತೇನೆ ಎಂದ. ಎರಡನೆಯದು, ನೆಲದ ನಿಯಮವನ್ನು ಕೈಬಿಡಬೇಕು ಎಂಬುದು. ನೆಲ ಬಿಟ್ಟು ಹೋದವರು ಬರುತ್ತಾರೆ ಎಂದು ತಾನು ಹೇಳಿದ್ದು ಸರಿಯಲ್ಲ, ಬರದೆಯೂ ಇರಬಹುದು, ರೊಟ್ಟಿಯವಳ ಮನೆಯ ನೆಲವನ್ನೂ ತೆಗೆದುಬಿಡಿ ಎಂದಳು.

ಅದು ಆಗುವುದಿಲ್ಲ ಎಂದ ಮಹೇಶಕುಮಾರ. ಆಟ ಪರೀಕ್ಷೆ ಮಾಡಿದವರೆಲ್ಲ ಮೆಚ್ಚಿಕೊಂಡದ್ದೇ ಅದನ್ನು. ಕೊನೆಯ ದೃಶ್ಯವನ್ನು ಅದರ ಮೇಲೇ ಕಟ್ಟಿದ್ದಾರೆ: ನಾಯಕ ಆ ಮನೆ ಹುಡುಕಿ, ನೆಲದ ಮೇಲೆ ಕುಳಿತು ಕಾಯುತ್ತಾನೆ, ಸಂಜೆ ಮನೆಯವರು ಬರುತ್ತಾರೆ.

"ಬರ್ತಾರೇನು?"

"ಬರ್ತಾರ್ರಿ. ನೀವೇ ಹೇಳಿದ್ದಲ್ಲ ಮೇಡಂ. ಈಗ ನೀವೇ ಬ್ಯಾಡ ಅಂದ್ರ ಹೆಂಗ?"

ಅವಳು ಸ್ವಲ್ಪ ಹೊತ್ತು ನಕ್ಷೆಯನ್ನೇ ನೋಡಿದಳು. ಪರದೆಯ ಮೇಲೆ ಬಾವಿ, ಬಾವಿಯಿಂದ ಇಳಿಯುವ ಓಣಿ, ಓಣಿ ಸುತ್ತಿಕೊಂಡು ಹೋಗುವ ಮನೆ ಇದ್ದವು.

"ಇರ್ಲಿ ಹಂಗಾದ್ರ," ಎಂದಳು. "ಮೂರು ಮಂದಿ ಬರಲಿ. ಅತ್ತಿ, ಮಗ, ಸೊಸಿ. ಅಗಸಿ ಕಡಿಂದ ಬ್ಯಾಡ, ಬಾವಿ ಕಡಿಂದ ಇಳೀಲಿ. ಮೊದಲು ನೀರ್ ಅದಾವೋ ಇಲ್ಲೋ ನೋಡ್ಕೊಂಡೇ ಮನಿಗಿ ಬರ್ತಾರ."

ಅವನು ಬರೆದುಕೊಳ್ಳುತ್ತಿರುವುದು ಕೇಳಿಸಿತು. ಅವನಿಗೆ ಹೊಸ ವಿಚಾರವೊಂದು ಹೊಳೆಯಿತು. ಪಕ್ಕದ ಮನೆಯಲ್ಲಿ ಒಬ್ಬರನ್ನು ಇಡೋಣವೇ, ಇಷ್ಟು ವರ್ಷ ಹೋಗದೆ ಉಳಿದವರು, ಬರುವವರನ್ನು ಬಾಗಿಲಲ್ಲಿ ನಿಂತು ನೋಡುವವರು ಎಂದು ಕೇಳಿದ. ದೃಶ್ಯ ಚೆಂದ ಕಾಣುತ್ತದೆ ಎಂದ.

ಮಹೆವಿಶ ಅದನ್ನು ಉಳಿದೆಲ್ಲವನ್ನೂ ಯೋಚಿಸಿದ ಹಾಗೆಯೇ ಯೋಚಿಸಿದಳು. ಪ್ಯಾಟಿ ಇಲ್ಲ. ಗಾಣ ಇಲ್ಲ. ಕುಂಬಾರ ಇಲ್ಲ. ಬಾವಿಯ ಹಗ್ಗ ಹರಿದರೆ ಇನ್ನೊಂದು ಹೊಸೆಯುವವರಿಲ್ಲ. ಮಾತಾಡುವವರಿಲ್ಲ.

"ಇಡಬ್ಯಾಡ್ರಿ," ಎಂದಳು. "ಒಬ್ಬರೇ ಹಂಗ ಇರ್ಲಿಕ್ಕ ಆಗಂಗಿಲ್ಲ. ನೋಡಿದವರು ಯಾರೂ ನಂಬಂಗಿಲ್ಲ."